ದಿನಕ್ಕೆ ಐದು ವಾಕ್ಯ

ನನ್ನ ಕ್ಲಾಸಿಗೆ ಬರುವವರಿಗೆಲ್ಲ ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತೇನೆ. ದಿನಕ್ಕೆ ಐದು ಇಂಗ್ಲಿಷ್ ವಾಕ್ಯ ಬರೆಯಬೇಕು. ಗೈಡಿನಿಂದ ಕದಿಯಬಾರದು. ನಿಮ್ಮ ಮನೆಯದೋ, ಕೆಲಸದ್ದೋ, ನಿಮ್ಮ ಮೈಕೈಯದೋ, ಯಾವುದಾದರೂ ಸರಿ, ನಿಜ ಸಂಗತಿಯನ್ನೇ ಬರೆಯಬೇಕು. ಸುಳ್ಳು ಬರೆಯುವವರು ತಮಗೆ ಗೊತ್ತಿರುವ ನಾಲ್ಕು ಪದದಲ್ಲೇ ಗಿರಕಿ ಹೊಡೆಯುತ್ತಾರೆ. ನಿಜ ಬರೆಯಲು ಹೊರಟವರಿಗೆ ಗೊತ್ತಿಲ್ಲದ ಪದ ಬೇಕಾಗುತ್ತದೆ, ಆಗ ಕಲಿಯುತ್ತಾರೆ. ಇಪ್ಪತ್ತಾರು ವರ್ಷದಿಂದ ಇದೇ ನನ್ನ ಪದ್ಧತಿ, ಇದರ ಬಗ್ಗೆ ನನಗೆ ಜಂಭವೂ ಇತ್ತು.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡನೇ ಮಹಡಿಯಲ್ಲಿ ನನ್ನ ಕೋಣೆ. ಮೂವತ್ತೆಂಟು ಮೆಟ್ಟಿಲು, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಆರು ಬೆಂಚು, ಒಂದು ಕಪ್ಪು ಹಲಗೆ, ಸದಾ ಗೊರಗೊರ ಎನ್ನುವ ಒಂದು ಫ್ಯಾನು. ಸಂಜೆ ಆರಕ್ಕೆ ಕೆಲಸ ಮುಗಿಸಿದ ಜನ ಬರುತ್ತಾರೆ. ಸೆಕ್ಯುರಿಟಿ ಗಾರ್ಡು, ಕ್ಷೌರದಂಗಡಿಯವನು, ಔಷಧಿ ಅಂಗಡಿಯ ಹುಡುಗಿ, ಕೊರಿಯರ್ ಹಂಚುವವರು. ಎಲ್ಲರಿಗೂ ಯಾವುದೋ ಒಂದು ಪರೀಕ್ಷೆ ಇರುತ್ತದೆ, ಯಾವುದೋ ಒಂದು ಬಡ್ತಿ ಕಾದಿರುತ್ತದೆ. ಕೆಂಪು ಪೆನ್ನು ಹಿಡಿದು ಕೂತರೆ ನಾನು ಯಾರ ಮುಖವನ್ನೂ ನೋಡುವವಳಲ್ಲ.

ಇನ್ನೊಂದು ನಿಯಮವೂ ಇದೆ. ವಾಕ್ಯ ನನ್ನದು, ವಿಷಯ ನಿಮ್ಮದು. ಅಂದರೆ, ಬರೆದದ್ದು ಸರಿಯೋ ತಪ್ಪೋ ನೋಡುತ್ತೇನೆಯೇ ಹೊರತು ಏನು ಬರೆದಿದ್ದೀರಿ ಎಂದು ಮೂಗು ತೂರಿಸುವುದಿಲ್ಲ. ಇದು ಪೆಟ್ಟು ತಿಂದು ಕಲಿತದ್ದು. ಹಿಂದೊಮ್ಮೆ ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು, ತನ್ನ ಅತ್ತೆ ಇತ್ತೀಚೆಗೆ ಸಕ್ಕರೆ ಡಬ್ಬಿ ಬಚ್ಚಿಡುತ್ತಿದ್ದಾರೆ ಎಂದು ಬರೆದು ತಂದಿದ್ದಳು. ನಾನು ನಗುತ್ತಾ, "ಹೌದೇನಮ್ಮಾ, ಎಲ್ಲಿ ಬಚ್ಚಿಡ್ತಾರೆ?" ಎಂದು ಎಲ್ಲರೆದುರು ಕೇಳಿಬಿಟ್ಟೆ. ಆ ಅತ್ತೆಯ ತಮ್ಮನ ಮಗ ಹಿಂದಿನ ಬೆಂಚಿನಲ್ಲೇ ಕೂತಿದ್ದ. ಮರುದಿನ ಬೆಳಗಾಗುವಷ್ಟರಲ್ಲಿ ಆ ಮನೆಯಲ್ಲಿ ರಂಪ ಆಗಿ ಹೋಗಿತ್ತು. ಅವಳು ಮತ್ತೆ ಮೆಟ್ಟಿಲು ಹತ್ತಲಿಲ್ಲ. ಅಂದಿನಿಂದ ವಿಷಯದ ಮಟ್ಟಿಗೆ ನನ್ನ ಬಾಯಿಗೆ ಬೀಗ. ಬರಬರುತ್ತಾ ಕಣ್ಣಿಗೂ ಬೀಗ ಬಿತ್ತು, ಅದು ನನಗೆ ತಿಳಿಯಲಿಲ್ಲ. ಗಡಿಯಾರ ರಿಪೇರಿ ಮಾಡುವವರು ಗಂಟೆ ಎಷ್ಟಾಯಿತೆಂದು ನೋಡುವುದಿಲ್ಲವಂತೆ, ಹಾಗೆ.

ಹೋದ ವರ್ಷ ನನ್ನ ತಂಗಿ ಬಂದು ಸೇರಿದಳು.

ತಂಗಿ ನನಗಿಂತ ಏಳು ವರ್ಷ ಚಿಕ್ಕವಳು. ಅಮ್ಮ ತೀರಿಕೊಂಡಾಗ ಅವಳಿಗೆ ಎಂಟು, ನನಗೆ ಹದಿನೈದು. ಜಡೆ ಹಾಕಿದ್ದು, ಉಣ್ಣಿಸಿದ್ದು, ಗದರಿಸಿ ಶಾಲೆಗೆ ಅಟ್ಟಿದ್ದು ಎಲ್ಲ ನಾನೇ. ಲೆಕ್ಕದ ಪರೀಕ್ಷೆ ಇದ್ದ ದಿನ ಅವಳಿಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಒಂಬತ್ತು ಗಂಟೆಗೆ ಶುರುವಾದರೆ ಶಾಲೆಯ ಗಂಟೆ ಹೊಡೆದ ಮೇಲೆ ಮಾಯ. ನಾನವಳಿಗೆ ನೆಪದ ರಾಣಿ ಎಂದು ಹೆಸರಿಟ್ಟಿದ್ದೆ. ದೊಡ್ಡವಳಾಗಿ, ಮದುವೆಯಾಗಿ, ಮಗಳನ್ನು ಹೆತ್ತ ಮೇಲೂ ಅವಳು ತಲೆನೋವು ಎಂದರೆ ಸಾಕು, "ಶುರುವಾಯ್ತಾ ರಾಣಿಯವರ ದರ್ಬಾರು?" ಎನ್ನುತ್ತಿದ್ದೆ. ಅವಳೂ ನಗುತ್ತಿದ್ದಳು. ಯಾವಾಗಲೋ ಒಂದು ದಿನದಿಂದ ನನ್ನೆದುರು ನೋವಿನ ಮಾತೆತ್ತುವುದನ್ನು ಬಿಟ್ಟಳು. ಬುದ್ಧಿ ಬಂತು ಅಂದುಕೊಂಡು ನಾನು ಸಂತೋಷಪಟ್ಟೆ.

ಅವಳದು ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಹತ್ತೊಂಬತ್ತು ವರ್ಷ ಬರೀ ಹೊದಿಕೆ, ಹಾಸುಬಟ್ಟೆ, ದಿಂಬಿನ ಚೀಲ ಇಸ್ತ್ರಿ ಮಾಡಿದ್ದಳು. ಕಿಟಕಿಯಿಲ್ಲದ ಕೋಣೆ, ಇಡೀ ದಿನ ಹಬೆ. ಅಲ್ಲಿನ ಸೂಪರ್‌ವೈಸರ್ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಬಂದವರು ಗಾಜಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಪ್ರತಿದಿನ ಇಂಗ್ಲಿಷಿನಲ್ಲಿ ವರದಿ ಬರೆಯಬೇಕು. ಯಾವ ಮಹಡಿಯ ಬಟ್ಟೆ ತಡವಾಗಿ ಬಂತು, ಯಾವ ಮೆಷಿನ್ ಇನ್ನೇನು ನಿಲ್ಲುವುದರಲ್ಲಿದೆ, ಇಂಥವು. ಅದಕ್ಕೊಂದು ಬರವಣಿಗೆಯ ಪರೀಕ್ಷೆ.

"ಅಕ್ಕ, ನನ್ನನ್ನೂ ಸೇರಿಸ್ಕೋತೀಯಾ?" ಎಂದಳು. "ಕೂತು ಮಾಡೋ ಕೆಲಸ ಕಣೇ ಅದು. ನಿಂತು ನಿಂತು ಸಾಕಾಗಿದೆ."

"ಸೇರಿಸ್ಕೋತೀನಿ. ಆದ್ರೆ ಮೆಟ್ಟಿಲು ಹತ್ತಿದ ಮೇಲೆ ನಾನು ಅಕ್ಕ ಅಲ್ಲ, ಮೇಡಂ. ನೆಪ ಹೇಳಿದ್ಯೋ, ಹೊರಗೆ."

"ಆಯ್ತು ಮೇಡಂ," ಎಂದು ಅಲ್ಲೇ ಕೈಕಟ್ಟಿ ನಿಂತಳು, ತುಂಟಿ.

ಒಂದು ದಿನವೂ ತಪ್ಪಿಸಲಿಲ್ಲ. ಆದರೆ ದಿನಾ ಐದು ನಿಮಿಷ ತಡ. ಕೆಳಗೆ ಅವಳ ಚಪ್ಪಲಿಯ ಸದ್ದು ಕೇಳಿಸಿದ ಮೇಲೂ ಬಾಗಿಲಲ್ಲಿ ಮುಖ ಕಾಣಿಸಲು ಹೊತ್ತಾಗುತ್ತಿತ್ತು. "ಏನಮ್ಮಾ, ಮೆಟ್ಟಿಲ ಮೇಲೇ ಸಂಸಾರ ಹೂಡಿದ್ಯಾ?" ಎಂದರೆ ಚೌಕಟ್ಟು ಹಿಡಿದು ನಿಂತು ನಗುತ್ತಿದ್ದಳು, ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡಲು ಉಸಿರಿರಲಿಲ್ಲ ಎಂದು ಈಗ ಗೊತ್ತು. ಆಗ ಅದನ್ನು ಸೋಮಾರಿತನದ ಖಾತೆಗೆ ಹಾಕಿದ್ದೆ.

ಅವಳ ಪರೀಕ್ಷೆಯಲ್ಲಿ ಕ್ರಿಯಾವಿಶೇಷಣಗಳ ಭಾಗವೇ ದೊಡ್ಡದಾಗಿತ್ತು. ಹೆಸರು ಕೇಳಿ ಯಾರೂ ಹೆದರಬೇಕಿಲ್ಲ. ಕೆಲಸ ಹೇಗಾಯಿತು, ಯಾವಾಗ ಆಯಿತು, ಎಷ್ಟಾಯಿತು ಎಂದು ಹೇಳುವ ಪದ, ಅಷ್ಟೇ. ಆದರೆ ಇಂಗ್ಲಿಷಿನಲ್ಲಿ ಕೆಲವು ಜೋಡಿಗಳಿವೆ, ಮುಖ ಒಂದೇ, ಗುಣ ಬೇರೆ. ಹಾರ್ಡ್ ಎಂದರೆ ಕಷ್ಟಪಟ್ಟು. ಅದಕ್ಕೆ ಬಾಲ ಹಚ್ಚಿ ಹಾರ್ಡ್ಲಿ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಲೇಟ್ ಎಂದರೆ ತಡವಾಗಿ, ಲೇಟ್ಲಿ ಎಂದರೆ ಇತ್ತೀಚೆಗೆ. ನಿಯರ್ ಎಂದರೆ ಹತ್ತಿರ, ನಿಯರ್ಲಿ ಎಂದರೆ ಇನ್ನೇನು ಆಗಿಯೇಬಿಟ್ಟಿತು ಎನ್ನುವಷ್ಟು. ಫಾಸ್ಟ್ ಎನ್ನುವುದಕ್ಕೆ ಬಾಲವೇ ಇಲ್ಲ, ಆದರೂ ಜನ ಹಚ್ಚಿಯೇ ಹಚ್ಚುತ್ತಾರೆ. ಸೆಕ್ಯುರಿಟಿ ಗಾರ್ಡ್, ತಾನು ರಾತ್ರಿಯೆಲ್ಲ ಹಾರ್ಡ್ಲಿ ಕೆಲಸ ಮಾಡುವುದಾಗಿ ಹೆಮ್ಮೆಯಿಂದ ಬರೆದು ತಂದಿದ್ದ. "ಇದನ್ನ ನಿಮ್ಮ ಸಾಹೇಬರ ಕೈಗೆ ಕೊಡ್ಬೇಡಪ್ಪ, ಕೆಲಸಾನೇ ಮಾಡಲ್ಲ ಅಂತ ನೀನೇ ಬರ್ಕೊಟ್ಟ ಹಾಗಾಗುತ್ತೆ," ಎಂದೆ. ಕ್ಲಾಸೆಲ್ಲ ನಕ್ಕಿತು. ತಂಗಿ ಕೆಮ್ಮು ಬರುವಷ್ಟು ನಕ್ಕಳು.

ಅವಳ ನೋಟ್‌ಬುಕ್ಕಿಗೆ ನೀಲಿ ಕಾಗದದ ಹೊದಿಕೆ. ಅಕ್ಷರ ದುಂಡಗೆ. ಮೊದಲ ವಾರದಲ್ಲಿ, ಈ ಮೆಟ್ಟಿಲನ್ನು ನಾನು ಹಾರ್ಡ್ಲಿ ಹತ್ತುತ್ತೇನೆ ಎಂದು ಬರೆದಿದ್ದಳು. ಕಷ್ಟಪಟ್ಟು ಎನ್ನಲು ಹೋಗಿ ಎಡವಿದ್ದಾಳೆ ಎಂದು ಹಾರ್ಡ್ಲಿಯನ್ನು ಹೊಡೆದು, ಮೂರು ಸಲ ತಿದ್ದಿ ಬರೆ ಎಂದು ಗುರುತು ಹಾಕಿದೆ. ಮೂರು ಸಲ ಬರೆದು ತಂದಳು. ಎರಡನೇ ವಾರ, ಸುಮ್ಮನೆ ಕೂತಿದ್ದಾಗಲೂ ನನ್ನ ಎದೆ ಫಾಸ್ಟ್ಲಿ ಹೊಡೆದುಕೊಳ್ಳುತ್ತದೆ ಎಂದಿತ್ತು. ಬಾಲ ಕತ್ತರಿಸಿದೆ. ಅಂಚಿನಲ್ಲಿ, ಎಷ್ಟು ಸಲ ಹೇಳಬೇಕು ಎಂದು ಕೋಪದಿಂದ ಬರೆದೆ. ಮೂರನೇ ವಾರ, ಲೇಟ್ಲಿ ನನ್ನ ಪಾದಗಳು ಊದಿಕೊಳ್ಳುತ್ತಿವೆ, ಸಂಜೆಯ ಹೊತ್ತಿಗೆ ಚಪ್ಪಲಿ ಹಿಡಿಸುವುದಿಲ್ಲ ಎಂದಿತ್ತು. ತಪ್ಪಿಲ್ಲ. ಗುರುತು ಹಾಕಿ, ಕೆಳಗೆ ಸಹಿ ಮಾಡಿ, ತಾರೀಖು ಬರೆದೆ. ನಾಲ್ಕನೇ ವಾರ, ಇಸ್ತ್ರಿ ಮೇಜಿನ ನಿಯರ್ ನಾನು ನಿನ್ನೆ ನಿಯರ್ಲಿ ಬಿದ್ದೆ ಎಂದು ಬರೆದಿದ್ದಳು. ಒಂದೇ ವಾಕ್ಯದಲ್ಲಿ ಜೋಡಿಯನ್ನು ಎಷ್ಟು ಚೆನ್ನಾಗಿ ಕೂರಿಸಿದ್ದಾಳೆ ಎಂದು ನನಗೆ ಬಹಳ ಖುಷಿಯಾಯಿತು.

ಐದನೇ ವಾರದ ಒಂದು ಸಂಜೆ ಅವಳ ಪುಟ ತಿರುಗಿಸಿದಾಗ ನಾನು ಕೂತಲ್ಲೇ ನೆಟ್ಟಗಾದೆ. ಮಲಗಿದರೆ ಹಾರ್ಡ್ಲಿ ಉಸಿರು ಬರುತ್ತದೆ, ಆದ್ದರಿಂದ ಲೇಟ್ಲಿ ನಾನು ಬೆಳಗಿನವರೆಗೆ ಗೋಡೆಗೆ ಒರಗಿ ಕೂತಿರುತ್ತೇನೆ. ಎರಡು ಕಷ್ಟದ ಪದ, ಎರಡೂ ತಮ್ಮತಮ್ಮ ಜಾಗದಲ್ಲಿ. ನಡುವೆ ಆದ್ದರಿಂದ ಎಂಬ ಕೊಂಡಿ. ವಯಸ್ಸು ನಲವತ್ತಾರಾದ ಮೇಲೆ, ಹತ್ತು ಗಂಟೆ ಹಬೆಯಲ್ಲಿ ನಿಂತು ಬಂದ ಹೆಂಗಸು ಬರೆದ ವಾಕ್ಯ ಅದು. ಪಕ್ಕದಲ್ಲಿ ದೊಡ್ಡದಾಗಿ ಭೇಷ್ ಎಂದು ಬರೆದೆ. ಹತ್ತಕ್ಕೆ ಹತ್ತು ಅಂಕ ಕೊಟ್ಟೆ. ಆ ಕ್ಲಾಸಿನಲ್ಲಿ ಅಲ್ಲಿಯವರೆಗೆ ಯಾರಿಗೂ ಕೊಟ್ಟಿರಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಎದ್ದು ಹೋಗಿ ಆ ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಬರೆದೆ. "ಎಲ್ಲರೂ ಬರ್ಕೊಳ್ಳಿ. ಹೀಗಿರಬೇಕು ವಾಕ್ಯ ಅಂದ್ರೆ," ಎಂದೆ. ಹನ್ನೊಂದು ಜನ ತಲೆ ತಗ್ಗಿಸಿ ನನ್ನ ತಂಗಿಗೆ ಉಸಿರು ಬರುವುದಿಲ್ಲ ಎಂದು ತಮ್ಮತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಕ್ಷೌರದಂಗಡಿಯವನು ಕೈಯೆತ್ತಿದ. "ಮೇಡಂ, ಹಾರ್ಡ್ಲಿ ಜೊತೆ ನಾಟ್ ಬೇಡ್ವಾ? ಉಸಿರು ಬರಲ್ಲ ಅಂತ ತಾನೇ ಅರ್ಥ?"

"ಬೇಡ. ಇಲ್ಲ ಅನ್ನೋದು ಹಾರ್ಡ್ಲಿ ಹೊಟ್ಟೆಯೊಳಗೇ ಇದೆ. ಇನ್ನೊಂದ್ಸಲ ಹೇಳೋದು ದಂಡ." ಅರ್ಥ ನನಗೆ ಗೊತ್ತಿರಲಿಲ್ಲ ಎಂದಲ್ಲ. ಅವನಿಗೆ ಅರ್ಥವನ್ನು ಬಿಡಿಸಿ ಹೇಳಿದವಳೇ ನಾನು.

ಹಿಂದಿನ ಬೆಂಚಿನಲ್ಲಿ ತಂಗಿಯ ಮುಖ ಅರಳಿತ್ತು. ಅಕ್ಕನ ಬಾಯಿಂದ ಹೊಗಳಿಕೆ ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಕ್ಲಾಸು ಮುಗಿದು ಎಲ್ಲರೂ ಇಳಿದ ಮೇಲೆ ಅವಳು ಬೀದಿಯಲ್ಲಿ, ಸೈಕಲ್ ಅಂಗಡಿಯ ಮುಂದೆ ನನಗಾಗಿ ಕಾದು ನಿಂತಿದ್ದಳು.

"ಅಕ್ಕ, ಆ ವಾಕ್ಯ ಓದಿದ್ಯಲ್ಲ..."

"ತುಂಬಾ ಚೆನ್ನಾಗಿದೆ ಕಣೇ. ಪರೀಕ್ಷೇಲೂ ಅದನ್ನೇ ಬರಿ. ಒಂದಕ್ಷರ ಬದಲಾಯಿಸ್ಬೇಡ."

"ಆಯ್ತು ಬಿಡು," ಎಂದು ಚೀಲವನ್ನು ಹೆಗಲಿಗೇರಿಸಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ಬಹಳ ನಿಧಾನವಾಗಿ ನಡೆದಳು. ನನಗೆ ತಿದ್ದಲು ಇನ್ನೂ ಮೂರು ಪುಸ್ತಕ ಇದ್ದವು, ಮೇಲೆ ಹೋದೆ.

ಎಂಟು ದಿನದ ಮೇಲೆ, ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಹೋಟೆಲಿನಿಂದ ಫೋನ್ ಬಂತು. ಇಸ್ತ್ರಿ ಮೇಜಿನ ಬಳಿ ಕುಸಿದಿದ್ದಳು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಮೂಗಿಗೆ ಆಕ್ಸಿಜನ್ ಹಾಕಿ ಒಳಗೆ ಕರೆದುಕೊಂಡು ಹೋಗಿದ್ದರು. ಅವಳ ಗಂಡ ಲಾರಿ ಡ್ರೈವರ್, ಹೋದರೆ ಹತ್ತು ದಿನ ಬರುವುದಿಲ್ಲ, ಆಗಲೂ ದಾರಿಯಲ್ಲಿದ್ದರು. ಅವಳ ಮಗಳು, ಕಾಲೇಜಿನ ಕೊನೆಯ ವರ್ಷದವಳು, ಓಡಿ ಬಂದು ನನ್ನ ತೋಳು ಹಿಡಿದಳು.

ಡಾಕ್ಟರು ಹೊರಗೆ ಬಂದು ಕೇಳಿದರು. "ಹೃದಯದ ಕವಾಟ ಸೋರ್ತಾ ಇದೆ. ತುಂಬಾ ಸೋತಿದ್ದಾರೆ. ಎಷ್ಟು ದಿನದಿಂದ ಹೀಗಿತ್ತು? ಮೆಟ್ಟಿಲು ಹತ್ತಿದ್ರೆ ಏದುಸಿರು, ಕಾಲು ಊತ, ಮಲಗಿದ್ರೆ ಉಸಿರು ಕಟ್ಟೋದು, ಏನಾದ್ರೂ ಹೇಳ್ತಿದ್ರಾ?"

"ಇಲ್ಲ ಡಾಕ್ಟ್ರೇ," ಎಂದೆ. "ಯಾರ ಹತ್ರಾನೂ ಏನೂ ಹೇಳಿಲ್ಲ. ಅವಳು ಎಲ್ಲಾ ಒಳಗೇ ಇಟ್ಕೊಳ್ಳೋಳು."

ಹೇಳುವಾಗ ಅದನ್ನು ನಾನು ನಂಬಿದ್ದೆ. ಇದನ್ನು ಯಾರು ನಂಬಿದರೂ ಬಿಟ್ಟರೂ ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನು ಸುಳ್ಳು ಹೇಳಲಿಲ್ಲ.

ನರ್ಸು ಔಷಧಿಗಳ ಹೆಸರು ಹೇಳತೊಡಗಿದರು. ಬರೆದುಕೊಳ್ಳಲು ಕಾಗದ ಬೇಕಿತ್ತು. ತಂಗಿಯ ಚೀಲ ನನ್ನ ಕೈಯಲ್ಲೇ ಇತ್ತು. ನೋಟ್‌ಬುಕ್ ತೆಗೆದು ಖಾಲಿ ಹಾಳೆ ಹುಡುಕುತ್ತಾ ಹಾಳೆ ಮಗುಚಿದೆ. ಮೆಟ್ಟಿಲು. ಎದೆಬಡಿತ. ಪಾದದ ಊತ. ಬೀಳುವುದರಲ್ಲಿದ್ದದ್ದು. ಗೋಡೆಗೆ ಒರಗಿ ಕೂರುವುದು. ಡಾಕ್ಟರು ಈಗಷ್ಟೇ ಕೇಳಿದ್ದನ್ನೆಲ್ಲ ಅವಳು ಒಂದೊಂದಾಗಿ ನನಗೆ ಹೇಳಿದ್ದಳು. ಪ್ರತಿಯೊಂದರ ಕೆಳಗೂ ಕೆಂಪು ಶಾಯಿಯಲ್ಲಿ ನನ್ನ ಸಹಿ, ತಾರೀಖಿನ ಸಮೇತ. ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟೆ. ನರ್ಸು ಮೂರನೇ ಔಷಧಿಯ ಹೆಸರನ್ನು ಎರಡು ಸಲ ಹೇಳಿದರು.

ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ದಿನಾಂಕ ಸಹಿತ ಒಪ್ಪಿಸಿದೆ. ಅವರು ಬರೆದುಕೊಂಡರು. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎಂದರು. ಅವಳೇ ಬರೆದಿಟ್ಟಿದ್ದಾಳೆ ಎಂದೆ. ಮೊದಲ ಎರಡು ಮೂರು ವಾರದೊಳಗೆ ಬಂದಿದ್ದರೆ ಆಪರೇಷನ್‌ಗೆ ದೇಹದಲ್ಲಿ ತ್ರಾಣ ಇರುತ್ತಿತ್ತು, ಈಗ ಔಷಧಿಯಲ್ಲೇ ನೋಡಬೇಕು ಎಂದರು. ಸಮಾಧಾನದ ಮಾತನ್ನೂ ಏನೋ ಆಡಿದರು, ನೆನಪಿಲ್ಲ.

ನಾಲ್ಕನೇ ದಿನ ಅವಳು ಸ್ವಲ್ಪ ಮಾತಾಡುವಂತಾದಳು. ದಿಂಬು ಏರಿಸಿ ಒರಗಿಸಿದ್ದರು. ಮಧ್ಯಾಹ್ನದ ಬಿಸಿಲು ಅವಳ ಮಂಚದ ಕಾಲಿನವರೆಗೆ ಬಂದಿತ್ತು. ಮಗಳು ಊಟಕ್ಕೆಂದು ಹೊರಗೆ ಹೋಗಿದ್ದಳು.

"ಯಾಕೆ ಕಣೇ ಬಾಯಿಬಿಟ್ಟು ಹೇಳ್ಲಿಲ್ಲ?" ಎಂದೆ.

"ಬಾಯಲ್ಲಿ ಹೇಳಿದ್ರೆ ನೆಪ ಅಂತಿದ್ದೆ." ನಿಲ್ಲಿಸಿ ಉಸಿರು ತೆಗೆದುಕೊಂಡಳು. "ಬರೆದ್ರೆ ನೀನು ಪೂರ್ತಿ ಓದ್ತೀಯ. ಅಡ್ಡಬಾಯಿ ಹಾಕಲ್ಲ. ಅದಕ್ಕೇ ಬರೆದೆ."

ಜಾರಿದ್ದ ಹೊದಿಕೆಯನ್ನು ಅವಳ ಎದೆಯವರೆಗೆ ಎಳೆದೆ. ಅವಳೇ ಮುಂದುವರಿಸಿದಳು. "ನೀನು ಎಲ್ಲಾ ಓದಿದೆ, ಏನೂ ಅನ್ನಲಿಲ್ಲ. ಅಕ್ಕಾನೇ ಸುಮ್ಮನಿದ್ದಾಳೆ ಅಂದ್ರೆ ದೊಡ್ಡದೇನೂ ಇರಲ್ಲ ಅಂದ್ಕೊಂಡೆ. ಧೈರ್ಯ ಬಂತು."

ಅವಳ ದನಿಯಲ್ಲಿ ಕೋಪ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಒಂದು ಚೂರೂ ಇರಲಿಲ್ಲ. ತಪ್ಪಾಯಿತು ಎಂದೆ, ಅವಳ ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತೆ. ಹತ್ತೊಂಬತ್ತು ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ, ಅಂಗೈ ಗಟ್ಟಿಯಾಗಿತ್ತು, ತಣ್ಣಗಿತ್ತು. "ಅಳ್ಬೇಡ ಮೇಡಂ," ಎಂದಳು. ಆಮೇಲೆ ಪರೀಕ್ಷೆಯನ್ನು ಮುಂದೂಡಲು ಹೋಟೆಲಿನವರನ್ನು ಕೇಳಬಹುದಾ ಎಂದು ವಿಚಾರಿಸಿದಳು. ಕೇಳುತ್ತೇನೆ ಎಂದೆ. ಕೇಳಿದೆ ಕೂಡ, ಅವರು ಒಪ್ಪಿದ್ದರು. ಒಂಬತ್ತನೇ ದಿನ ಮಧ್ಯಾಹ್ನ ಮೂರೂವರೆಗೆ ಅವಳು ಹೋದಳು.

ಮನೆ ತುಂಬ ಜನ. ಹೋಟೆಲಿನಿಂದ ಅವಳ ಜೊತೆಯವರು ಬಂದಿದ್ದರು, ನನ್ನ ಕ್ಲಾಸಿನವರು ಬಂದಿದ್ದರು, ಅಕ್ಕಪಕ್ಕದವರು ಕುರ್ಚಿ ತಂದು ಹಾಕಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು. "ಎಷ್ಟು ಸಹಿಸ್ಕೊಂಡ್ಲು ಪುಣ್ಯಾತ್ಗಿತ್ತಿ, ಒಬ್ಬರಿಗಾದ್ರೂ ಒಂದು ಮಾತು ಹೇಳ್ಬಾರದಿತ್ತಾ?" ಅವಳ ಗಂಡ ಮೂಲೆಯಲ್ಲಿ ಗೋಡೆಗೆ ತಲೆ ಆನಿಸಿ, ನಾನು ಮನೆಯಲ್ಲಿರಲಿಲ್ಲ, ನನಗೆ ಹೇಳಲೇ ಇಲ್ಲ ಎಂದು ಅದನ್ನೇ ಹೇಳುತ್ತಿದ್ದರು. ನೆರೆಮನೆಯ ಹಿರಿಯ ಹೆಂಗಸೊಬ್ಬರು ನನ್ನ ಬೆನ್ನು ಸವರಿ, "ತಾಯಿ ಹಾಗೆ ಸಾಕಿದ್ರಿ. ನಿಮಗಾದ್ರೂ ಹೇಳ್ಬಹುದಿತ್ತು," ಎಂದರು. ನಾನು ತಲೆಯಾಡಿಸಿದೆ. ಇನ್ನೊಬ್ಬರು ಬಂದು ಅದನ್ನೇ ಅಂದರು. ಅದಕ್ಕೂ ತಲೆಯಾಡಿಸಿದೆ. ಈಗ ಮಾತ್ರ ಅದು ಸುಳ್ಳೆಂದು ನನಗೆ ಗೊತ್ತಿತ್ತು. ನೋಟ್‌ಬುಕ್ ನನ್ನ ಚೀಲದಲ್ಲಿತ್ತು. ಅದರ ವಿಷಯ ಡಾಕ್ಟರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ.

ಸುಮ್ಮನಿದ್ದುಬಿಡಬೇಕು ಎಂದೇ ಇದ್ದೆ. ಯಾಕೆ ಮುಚ್ಚಿಡಲಿ, ಹಾಗೇ ಇದ್ದೆ. ಅಷ್ಟರಲ್ಲಿ ಮಗಳು ಬಂದು ನನ್ನ ಪಕ್ಕ ಕೂತಳು. ಅವಳ ಕಣ್ಣು ಬತ್ತಿಹೋಗಿತ್ತು.

"ದೊಡ್ಡಮ್ಮ, ನಾನು ಅದೇ ಕೋಣೇಲಿ ಮಲಗ್ತಿದ್ದೆ," ಎಂದಳು. "ಎಚ್ಚರ ಆದಾಗೆಲ್ಲ ಅಮ್ಮ ಗೋಡೆಗೆ ಒರಗಿ ಕೂತಿರ್ತಿದ್ಲು. ನೋಟ್‌ಬುಕ್ ಮಡಿಲಲ್ಲಿರ್ತಿತ್ತು. ಪರೀಕ್ಷೆಗೆ ಓದ್ತಿದ್ದಾಳೆ ಅಂದ್ಕೊಂಡು ಮಗ್ಗುಲಾಗಿ ಮಲಗಿಬಿಡ್ತಿದ್ದೆ. ನಾನೇ ಕೇಳ್ಬೇಕಿತ್ತು. ನಾನು ಒಂದು ಮಾತು ಕೇಳಿದ್ರೆ ಅಮ್ಮ ಇರ್ತಿದ್ಲು."

ಇಪ್ಪತ್ತು ವರ್ಷದ ಹುಡುಗಿ. ಇನ್ನು ಬದುಕಿರುವಷ್ಟು ಕಾಲ ಅವಳು ಈ ಮಾತನ್ನು ಹೊತ್ತುಕೊಂಡೇ ತಿರುಗುತ್ತಾಳೆ ಎಂದು ನನಗೆ ಗೊತ್ತಾಯಿತು. ನನ್ನ ಹೊರೆ ಅದು, ಅವಳದಲ್ಲ. ಅದನ್ನು ಕಿತ್ತುಕೊಂಡರೆ ಅವಳು ನನ್ನ ಪಾಲಿಗೆ ಉಳಿಯುವುದಿಲ್ಲ ಎಂದೂ ಗೊತ್ತಿತ್ತು. ನನಗೆ ಮಕ್ಕಳಿಲ್ಲ, ಅವಳೊಬ್ಬಳೇ. ಚೀಲ ತೆರೆದು ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟೆ.

ಅವಳಿಗೆ ನನ್ನಷ್ಟೇ ಇಂಗ್ಲಿಷ್ ಬರುತ್ತದೆ. ಮೊದಲ ಹಾಳೆಯಿಂದ ಓದಿದಳು. ಒಂದು ವಾಕ್ಯವನ್ನೂ ಬಿಡಲಿಲ್ಲ, ಕೆಂಪು ಶಾಯಿಯನ್ನೂ ಬಿಡಲಿಲ್ಲ. ನಾನು ಹಲಗೆಯ ಮೇಲೆ ಬರೆದಿದ್ದ ಆ ವಾಕ್ಯ ಬಂದಾಗ ಬೆರಳಿಟ್ಟು ಓದು ನಿಲ್ಲಿಸಿದಳು.

"ಇದೆಲ್ಲ ನೀವು ಓದಿದ್ರಾ ದೊಡ್ಡಮ್ಮ?"

"ಓದಿದ್ದೆ."

"ಇದನ್ನೂ?"

"ಅದನ್ನೂ ಓದಿದ್ದೆ ಮಗಳೇ. ಭೇಷ್ ಅಂತ ಬರೆದದ್ದೂ ನಾನೇ."

ಅವಳು ನೋಟ್‌ಬುಕ್ ಮುಚ್ಚಿ ಎದೆಗವಚಿಕೊಂಡು ಎದ್ದಳು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮೂಲೆಯಲ್ಲಿ ಕೂತಿದ್ದ ಅವಳಪ್ಪನ ಹತ್ತಿರ ಹೋಗಿ ಮಂಡಿಯೂರಿದಳು. ಅವರು ಇನ್ನೂ, ನನಗೆ ಹೇಳಲೇ ಇಲ್ಲ ಎನ್ನುತ್ತಿದ್ದರು.

"ಅಮ್ಮ ಹೇಳಿದ್ಲಪ್ಪ," ಎಂದಳು. ಮೆಲ್ಲಗೇ ಹೇಳಿದಳು, ಆದರೂ ಇಡೀ ಕೋಣೆಗೆ ಕೇಳಿಸಿತು. "ದಿನಾ ಹೇಳಿದ್ಲು. ದೊಡ್ಡಮ್ಮನಿಗೆ."